ಲ್ಯಾಪ್‌ಟಾಪ್ ಪರದೆ ಅಗಲದ್ದು, ಲಿನಕ್ಸ್ ಮಾತ್ರ 1024×768 ಬಿಟ್ಟು ಮೇಲೆ ಹೋಗುತ್ತಿಲ್ಲ

ಚಿತ್ತಾಪುರ ಝೆರಾಕ್ಸ್:

ಎಲ್ಲರಿಗೂ ನಮಸ್ಕಾರ. ಚಿತ್ತಾಪುರದಲ್ಲಿ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ ಇದೆ. ಝೆರಾಕ್ಸ್ ಹೆಸರಿಗೆ ಮಾತ್ರ. ದಿನವಿಡೀ ನಡೆಯುವುದು ಆನ್‌ಲೈನ್ ಅರ್ಜಿ, ಪಹಣಿ ಪ್ರಿಂಟ್, ಪಾಸ್‌ಪೋರ್ಟ್ ಸೈಜ್ ಫೋಟೋ. ಹಳೇ ಕಂಪ್ಯೂಟರ್ ಕೈಕೊಟ್ಟ ಮೇಲೆ ಹೈದರಾಬಾದಿನಿಂದ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತರಿಸಿದೆ. 14 ಇಂಚಿನ ಪರದೆ, ಇಂಟೆಲ್ ಐ3 ಎರಡನೇ ತಲೆಮಾರಿನದು, 4 ಜಿಬಿ ರ‍್ಯಾಮ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ವಿಂಡೋಸ್ ಇದ್ದಾಗ ಆನ್ ಮಾಡಿ ಚಹಾ ಕುಡಿದು ಬಂದರೂ ಇನ್ನೂ ತಿರುಗುತ್ತಾ ಕೂತಿರುತ್ತಿತ್ತು. ಅಕ್ಕನ ಮಗ ಅದನ್ನು ತೆಗೆದು ಲಿನಕ್ಸ್ ಮಿಂಟ್ ಹಾಕಿದ, ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಇರುವುದು. ಹಾಕಿಕೊಟ್ಟು ಪುಣೆಗೆ ನೌಕರಿಗೆ ಹೋದ. ಕೆಲಸ ಚುರುಕಾಗಿದೆ. ಪ್ರಿಂಟರ್ ತಾನಾಗೇ ಸಿಕ್ಕಿತು. ಕನ್ನಡ ಟೈಪಿಂಗ್ ಕೂಡ ಆಗುತ್ತಿದೆ. ಗೋಳು ಇರುವುದು ಪರದೆಯದು.

ಎಲ್ಲವೂ ಅಡ್ಡಕ್ಕೆ ಎಳೆದ ಹಾಗೆ ಕಾಣುತ್ತದೆ. ಗುಂಡಗೆ ಇರಬೇಕಾದ ಸೀಲು ಮೊಟ್ಟೆಯಾಗಿದೆ. ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ತೆಗೆದರೆ 1024×768, 800×600, 640×480 ಇಷ್ಟೇ ಇವೆ. ಮಾಡೆಲ್ ನಂಬರ್ ಹಾಕಿ ಹುಡುಕಿದೆ, ಈ ಪರದೆ 1366×768 ಅಂತೆ. ಆ ಸಂಖ್ಯೆ ಪಟ್ಟಿಯಲ್ಲೇ ಇಲ್ಲ.

ಗಿರಾಕಿಗಳ ಫೋಟೋ ಕ್ರಾಪ್ ಮಾಡುವಾಗ ಅವರು ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಾರೆ. "ಯಾಕ್ರಿ, ನಾ ಇಷ್ಟ್ ದಪ್ಪ ಅದೀನೇನು?" ಅಂತ ಕೇಳುತ್ತಾರೆ. ಪ್ರಿಂಟ್ ಸರಿಯಾಗೇ ಬರುತ್ತದೆ, ಆದರೆ ಅದು ಕೈಗೆ ಬರುವ ತನಕ ಯಾರೂ ನಂಬುವುದಿಲ್ಲ. ಒಬ್ಬ ಅಜ್ಜಿ ಅಂತೂ ಸೆರಗು ಬಿಗಿ ಮಾಡಿಕೊಂಡು ಮತ್ತೊಮ್ಮೆ ತೆಗೆ ಅಂತ ಹಠ ಹಿಡಿದರು.

ಅದನ್ನಾದರೂ ನಕ್ಕು ಬಿಡಬಹುದು. ಅಕ್ಷರದ ತೊಂದರೆ ದೊಡ್ಡದು. ಇಂಗ್ಲಿಷ್ ಹೇಗೋ ಓದಬಹುದು, ಕನ್ನಡದ ಒತ್ತಕ್ಷರಗಳು ಮಸುಕು ಮಸುಕು. ಪಹಣಿಯಲ್ಲಿ ಹೆಸರು ತಾಳೆ ನೋಡುವಾಗ ತ ಒತ್ತು ಯಾವುದು ನ ಒತ್ತು ಯಾವುದು ಗೊತ್ತಾಗುವುದಿಲ್ಲ. ಜೂಮ್ ಮಾಡಿದರೆ ಬಲಗಡೆಯ ಕಾಲಂ ಪರದೆಯ ಹೊರಗೆ ಹೋಗುತ್ತದೆ. ಒಂದು ಅಕ್ಷರ ತಪ್ಪಾದರೆ ರೈತರು ಮತ್ತೆ ತಾಲೂಕು ಕಚೇರಿಗೆ ಅಲೆಯಬೇಕು.

ಇನ್ನೆರಡು ಸಣ್ಣ ವಿಷಯ ಇವೆ. ಬೆಳಕು ಕಡಿಮೆ ಜಾಸ್ತಿ ಮಾಡುವ ಕೀ ಕೆಲಸ ಮಾಡುವುದಿಲ್ಲ. ಫ್ಯಾನ್ ಸದಾ ಜೋರಾಗಿ ಕೂಗುತ್ತದೆ, ವಿಡಿಯೋ ಹಾಕಿದರೆ ತಡೆದು ತಡೆದು ಓಡುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ 42 ಡಿಗ್ರಿ ಅಂದರೆ ಮಾಮೂಲು, ಆ ಕಾವಿಗೆ ಇರಬೇಕು ಅಂದುಕೊಂಡಿದ್ದೇನೆ. ಪರದೆಗೂ ಅದಕ್ಕೂ ಸಂಬಂಧ ಇರಲಿಕ್ಕಿಲ್ಲ.

ಟರ್ಮಿನಲ್ ಅಂದರೆ ಭಯ ಇಲ್ಲ, ಆದರೆ ಅಭ್ಯಾಸವೂ ಇಲ್ಲ. ಕಮಾಂಡುಗಳನ್ನು ಕನ್ನಡದಲ್ಲೇ ಬಿಡಿಸಿ ಬರೆದರೆ ಮೊಬೈಲ್ ನೋಡಿಕೊಂಡು ಟೈಪ್ ಮಾಡುತ್ತೇನೆ.

ಕೋಡ್ ಹುಡುಗ, ಕಲಬುರಗಿ:

ಅಣ್ಣಾ, ಇದು ಐದು ನಿಮಿಷದ ಕೆಲಸ. ನಾನು ಇಂಜಿನಿಯರಿಂಗ್ ಮೂರನೇ ವರ್ಷ. ನಮ್ಮ ಹಾಸ್ಟೆಲಿನಲ್ಲಿ ಹೊರಗಿನ ಮಾನಿಟರ್ ಹಾಕಿಕೊಂಡವರೆಲ್ಲ ಇದನ್ನೇ ಮಾಡುವುದು.

ಟರ್ಮಿನಲ್ ತೆಗೆದು ಮೊದಲು ಸಿವಿಟಿ ಅಂತ ಬರೆದು ಸ್ಪೇಸ್ ಕೊಟ್ಟು 1366, ಮತ್ತೆ ಸ್ಪೇಸ್, 768 ಹಾಕಿ ಎಂಟರ್ ಒತ್ತಿ. ಮೋಡ್‌ಲೈನ್ ಅಂತ ಒಂದು ಸಾಲು ಬರುತ್ತದೆ. ಮೋಡ್‌ಲೈನ್ ಎಂಬ ಪದ ಬಿಟ್ಟು ಉಳಿದದ್ದನ್ನು ಕಾಪಿ ಮಾಡಿ. ಆಮೇಲೆ ಎಕ್ಸ್‌ರ್ಯಾಂಡರ್ ಅಂತ ಬರೆಯಿರಿ. ಎಕ್ಸ್, ಆರ್, ಎ, ಎನ್, ಡಿ, ಆರ್, ನಡುವೆ ಸ್ಪೇಸ್ ಬೇಡ, ಎಲ್ಲ ಸಣ್ಣ ಅಕ್ಷರ. ಅದರ ಮುಂದೆ ಸ್ಪೇಸ್, ಎರಡು ಅಡ್ಡಗೆರೆ, ನ್ಯೂಮೋಡ್, ಮತ್ತೆ ಸ್ಪೇಸ್ ಕೊಟ್ಟು ಕಾಪಿ ಮಾಡಿದ್ದನ್ನು ಪೇಸ್ಟ್ ಮಾಡಿ. ಮುಂದಿನ ಸಾಲಲ್ಲಿ ಎಕ್ಸ್‌ರ್ಯಾಂಡರ್, ಎರಡು ಅಡ್ಡಗೆರೆ, ಆ್ಯಡ್‌ಮೋಡ್, ನಿಮ್ಮ ಔಟ್‌ಪುಟ್ ಹೆಸರು, ಹೊಸ ಮೋಡ್ ಹೆಸರು. ಔಟ್‌ಪುಟ್ ಹೆಸರು, ಅಂದರೆ ಪರದೆ ಹಚ್ಚಿದ ಜಾಗದ ಹೆಸರು, ಬರೀ ಎಕ್ಸ್‌ರ್ಯಾಂಡರ್ ಅಂತ ಹೊಡೆದರೆ ಸಿಗುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್ ಪಟ್ಟಿಯಲ್ಲಿ ಹೊಸದು ಬಂದಿರುತ್ತದೆ, ಆರಿಸಿ. ಮುಗಿಯಿತು.

ಚಿತ್ತಾಪುರ ಝೆರಾಕ್ಸ್:

ತಮ್ಮಾ, ಚೆನ್ನಾಗಿ ಬಿಡಿಸಿ ಹೇಳಿದ್ದೀರಿ, ಥ್ಯಾಂಕ್ಸ್. ಆದರೆ ಆಗಲಿಲ್ಲ.

ನಾನು 1366 ಅಂತ ಕೊಟ್ಟರೆ ಅದು 1368×768 ಅಂತ ಉತ್ತರ ಕೊಟ್ಟಿತು. ಇರಲಿ ಅಂತ ಮುಂದೆ ಹೋದೆ. ಎಕ್ಸ್‌ರ್ಯಾಂಡರ್ ಹೊಡೆದಾಗ ಮೊದಲ ಸಾಲಲ್ಲೇ ಇಂಗ್ಲಿಷಿನಲ್ಲಿ ಒಂದು ಮಾತು: "ಫೇಲ್ಡ್ ಟು ಗೆಟ್ ಸೈಜ್ ಆಫ್ ಗಾಮಾ ಫಾರ್ ಔಟ್‌ಪುಟ್ ಡಿಫಾಲ್ಟ್". ಔಟ್‌ಪುಟ್ ಹೆಸರು ಡಿಫಾಲ್ಟ್ ಅಂತಲೇ ಇದೆ, ಅದನ್ನೇ ಕೊಟ್ಟೆ. ಆ್ಯಡ್‌ಮೋಡ್ ಮಾಡಿದರೆ ಎಕ್ಸ್ ಎರರ್, ಬ್ಯಾಡ್‌ಮ್ಯಾಚ್ ಅಂತ ಬೈದು ಬಿಟ್ಟಿತು. ಪಟ್ಟಿ ಮೊದಲಿನ ಹಾಗೇ ಇದೆ.

ಹಳೇ ಪೆಂಗ್ವಿನ್, ಕಲಬುರಗಿ:

ಆ ಗಾಮಾ ಸಾಲಲ್ಲೇ ಉತ್ತರ ಇದೆ. ಮೋಡ್ ಸೇರಿಸುವುದನ್ನು ಇಲ್ಲಿಗೇ ನಿಲ್ಲಿಸಿ. ಬ್ಯಾಡ್‌ಮ್ಯಾಚ್ ಬಂದಮೇಲೆ ಅದೇ ಕಮಾಂಡನ್ನು ಎಷ್ಟು ಸಲ ತಿರುಗಿಸಿ ಹೊಡೆದರೂ ಅದು ಜಗ್ಗುವುದಿಲ್ಲ.

ಲ್ಯಾಪ್‌ಟಾಪಿನ ಸ್ವಂತ ಪರದೆಗೆ ಅದರ ಅಳತೆಯನ್ನು ನಾವು ಕೈಯಾರೆ ಹೇಳಿಕೊಡುವ ಕಾಲ ಹೋಗಿದೆ. ಪ್ರತಿ ಪರದೆಯ ಹಿಂದೆ ಒಂದು ಸಣ್ಣ ಚಿಪ್ಪಿನಲ್ಲಿ 128 ಬೈಟಿನ ಒಂದು ಮಾಹಿತಿ ಇರುತ್ತದೆ, ಇಡಿಐಡಿ ಅಂತಾರೆ. ಯಾರು ತಯಾರಿಸಿದ್ದು, ಎಷ್ಟು ದೊಡ್ಡದು, ಯಾವ ರೆಸಲ್ಯೂಶನ್ ಅದಕ್ಕೆ ಸಹಜ, ಎಲ್ಲ ಅದರಲ್ಲಿ ಬರೆದಿದೆ. ಗ್ರಾಫಿಕ್ಸ್ ಡ್ರೈವರ್ ಅದನ್ನು ಓದಿಕೊಂಡು ತಾನಾಗೇ 1366×768 ಇಡುತ್ತದೆ. ನಿಮ್ಮಲ್ಲಿ ಇಟ್ಟಿಲ್ಲ ಅಂದರೆ ಕೇಳಬೇಕಾದ ಪ್ರಶ್ನೆ ಒಂದೇ: ಪರದೆಯನ್ನು ಈಗ ನಡೆಸುತ್ತಿರುವವರು ಯಾರು? ಬಸ್ಸಿನ ಡ್ರೈವರ್ ಸೀಟಿನಲ್ಲೇ ಇಲ್ಲ, ನಾವು ಕಂಡಕ್ಟರ್ ಹತ್ತಿರ ಇನ್ನೊಂದು ಸ್ಟಾಪ್ ಕೊಡಿ ಅಂತ ಜಗಳ ಆಡುತ್ತಿದ್ದೇವೆ.

ಇಂಟೆಲ್ ಡ್ರೈವರ್ ಸರಿಯಾಗಿ ಕೂತಿದ್ದರೆ ಔಟ್‌ಪುಟ್ ಹೆಸರು ಎಲ್‌ವಿಡಿಎಸ್-1 ಅಂತ ಇರುತ್ತಿತ್ತು. ಹೊಸ ಲ್ಯಾಪ್‌ಟಾಪ್ ಆದರೆ ಇಡಿಪಿ-1. "ಡಿಫಾಲ್ಟ್" ಅಂತ ಬಂದರೆ ನಿಜವಾದ ಡ್ರೈವರ್ ಇಲ್ಲ, ಬೂಟ್ ಆಗುವಾಗ ಫರ್ಮ್‌ವೇರ್ (ಯಂತ್ರದ ಚಿಪ್ಪಿನಲ್ಲೇ ಇರುವ ಮೂಲ ತಂತ್ರಾಂಶ) ಕೊಟ್ಟ ಚಿತ್ರದ ಜಾಗವನ್ನೇ ಹಿಡಿದುಕೊಂಡು ಕೆಲಸ ನಡೆದಿದೆ ಅಂತ ಅರ್ಥ. ಹಳೇ ವಿಡಿಯೋ ಬಯೋಸ್‌ಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು 640×480, 800×600, 1024×768 ತರಹದ 4:3 ಅಳತೆಗಳು. ನಿಮಗೆ ಕಾಣುತ್ತಿರುವ ಮೂರೂ ಅವೇ ಅಲ್ವಾ? 1024ನ್ನು 1366ಕ್ಕೆ ಎಳೆದರೆ ಅಗಲ ಮೂರನೇ ಒಂದು ಪಾಲು ಜಾಸ್ತಿ ಆಗುತ್ತದೆ, ಎತ್ತರ ಹಾಗೇ ಇರುತ್ತದೆ. ಅಜ್ಜಿಯ ಸಿಟ್ಟು ನ್ಯಾಯವಾದದ್ದೇ. ಒತ್ತಕ್ಷರ ಮಸುಕಾಗುವುದೂ ಇದೇ ಕಾರಣಕ್ಕೆ. ಮೂರು ಚುಕ್ಕೆಗಳನ್ನು ನಾಲ್ಕು ಚುಕ್ಕೆಗಳಿಗೆ ಹಂಚಿದರೆ ತೆಳು ಗೆರೆಗಳು ಅಳಿಸಿದ ಹಾಗೆ ಕಾಣುತ್ತವೆ. ಫಾಂಟ್ ಬದಲಾಯಿಸಿ ಉಪಯೋಗ ಇಲ್ಲ.

ನೀವು ಸಂಬಂಧ ಇರಲಿಕ್ಕಿಲ್ಲ ಅಂದಿರಲ್ಲ, ಆ ಫ್ಯಾನು, ಆ ಬೆಳಕಿನ ಕೀ, ಎರಡೂ ಇದರ ಮಕ್ಕಳೇ. ಗ್ರಾಫಿಕ್ಸ್ ಚಿಪ್ ಸುಮ್ನೆ ಕೂತಿದೆ. ಪರದೆಯ ಚಿತ್ರವನ್ನೆಲ್ಲ ಸಿಪಿಯು ಒಬ್ಬನೇ ಬರೆಯುತ್ತಿದ್ದಾನೆ. ಆ ತಂತ್ರಾಂಶಕ್ಕೆ ಎಲ್‌ಎಲ್‌ವಿಎಂಪೈಪ್ ಅಂತ ಹೆಸರು. ಐ3ಗೆ ಅದು ಹೊರಲಾರದ ಹೊರೆ. ಬಿಸಿಲಿನ ಮೇಲೆ ತಪ್ಪು ಹೊರಿಸಬೇಡಿ, ನಮ್ಮ ಬಿಸಿಲಿಗೆ ಬೇರೆ ಪಾಪಗಳು ಸಾಕಷ್ಟಿವೆ.

ಈಗ ಮೂರು ಕಡೆ ನೋಡಿ ಬನ್ನಿ.

ಒಂದು, ಟರ್ಮಿನಲಿನಲ್ಲಿ ಕ್ಯಾಟ್, ಸ್ಪೇಸ್, ಓರೆಗೆರೆ, ಪ್ರಾಕ್, ಓರೆಗೆರೆ, ಸಿಎಂಡಿಲೈನ್. ಕ್ಯಾಟ್ ಅಂದರೆ ಸಿ ಎ ಟಿ, ಪ್ರಾಕ್ ಅಂದರೆ ಪಿ ಆರ್ ಓ ಸಿ. ಒಂದೇ ಉದ್ದ ಸಾಲು ಬರುತ್ತದೆ. ಅದರಲ್ಲಿ ನೋಮೋಡ್‌ಸೆಟ್ ಎಂಬ ಪದ ಇದೆಯಾ ನೋಡಿ. ಎಂಟಾಣೆ ಅಲ್ಲ, ಹದಿನೈದಾಣೆ ಇರುತ್ತದೆ ಅಂತ ನನ್ನ ಊಹೆ.

ಎರಡು, ಎಲ್‌ಎಸ್‌ಪಿಸಿಐ, ಸ್ಪೇಸ್, ಒಂದು ಅಡ್ಡಗೆರೆ, ಕೆ. ಉದ್ದ ಪಟ್ಟಿ ಬರುತ್ತದೆ. ಅದರಲ್ಲಿ ವಿಜಿಎ ಅಂತ ಇರುವ ಜಾಗದ ಕೆಳಗೆ "ಕರ್ನಲ್ ಡ್ರೈವರ್ ಇನ್ ಯೂಸ್: ಐ915" ಅಂತ ಸಾಲು ಇರಬೇಕು. ಐ915 ಅಂದರೆ ಇಂಟೆಲ್ ಗ್ರಾಫಿಕ್ಸ್ ಡ್ರೈವರಿನ ಹೆಸರು. ಇಲ್ಲದಿದ್ದರೆ ನಾನು ಹೇಳಿದ್ದೇ ಸರಿ.

ಮೂರು, ಪುಣೆಗೆ ಫೋನ್ ಮಾಡಿ ಅಳಿಯನನ್ನು ಕೇಳಿ: ಇನ್‌ಸ್ಟಾಲ್ ಮಾಡುವಾಗ ಪರದೆ ಕಪ್ಪಾಗಿತ್ತಾ? ಆಗ ಗ್ರಬ್‌ನಲ್ಲಿ, ಅಂದರೆ ಲಿನಕ್ಸ್ ಎಬ್ಬಿಸುವ ಬೂಟ್ ಮೆನುವಿನಲ್ಲಿ, ಏನಾದರೂ ಸೇರಿಸಿದೆಯಾ?

ನೋಮೋಡ್‌ಸೆಟ್ ಎಂಬ ಪದದ ಕಥೆ ಸ್ವಲ್ಪ ಹೇಳುತ್ತೇನೆ. 2009ರಲ್ಲಿ 2.6.29 ಕರ್ನಲ್ (ಲಿನಕ್ಸಿನ ತಿರುಳು) ಬಂದಾಗ ಇಂಟೆಲ್ ಗ್ರಾಫಿಕ್ಸ್‌ಗೆ ಪರದೆಯ ಅಳತೆ ಹೊಂದಿಸುವ ಕೆಲಸ ಕರ್ನಲ್ ಒಳಗೇ ಬಂತು. ಅದಕ್ಕೂ ಮೊದಲು ಅದು ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಎಕ್ಸ್ ಸರ್ವರಿನ ಜವಾಬ್ದಾರಿ. ನಾನು ಆಗ ಪಾಲಿಟೆಕ್ನಿಕ್ ಒಂದರ ಲ್ಯಾಬಿನಲ್ಲಿದ್ದೆ. ಇಂಟೆಲ್ 915 ಚಿಪ್ಪಿನ ಅಗಲ ಪರದೆಯ ಲ್ಯಾಪ್‌ಟಾಪುಗಳಿಗೆ 915ರೆಸಲ್ಯೂಶನ್ ಅಂತ ಒಂದು ಸಣ್ಣ ಪ್ರೋಗ್ರಾಂ ಇತ್ತು. ಅದು ಪ್ರತಿ ಬೂಟಿನಲ್ಲೂ ವಿಡಿಯೋ ಬಯೋಸಿನ ಪಟ್ಟಿಯನ್ನು ಮೆಮೊರಿಯಲ್ಲೇ ತಿದ್ದಿ 1280×800 ಸೇರಿಸುತ್ತಿತ್ತು. ನಿಜವಾದ ಜುಗಾಡ್. ಈಗ ಅದರ ಗರಜು ಇಲ್ಲ. ಆದರೆ ಹುಡುಕಿದರೆ ಆ ಕಾಲದ ಸಲಹೆಗಳೂ ಇವತ್ತಿನವುಗಳ ಪಕ್ಕದಲ್ಲೇ ಸಿಗುತ್ತವೆ, ಮೇಲೆ ತಾರೀಖು ಯಾರೂ ನೋಡುವುದಿಲ್ಲ.

ನೋಮೋಡ್‌ಸೆಟ್ ಅಂದರೆ ಕರ್ನಲ್‌ಗೆ "ನೀನು ಪರದೆ ಮುಟ್ಟಬೇಡ" ಅಂತ ಹೇಳಿದ ಹಾಗೆ. ಇನ್‌ಸ್ಟಾಲ್ ಮಾಡುವಾಗ ಪರದೆ ಕಪ್ಪಾದರೆ ದಾಟಿಕೊಳ್ಳಲು ಅದನ್ನು ಹಾಕುತ್ತಾರೆ. ಹಾಕುವುದು ತಪ್ಪಲ್ಲ. ಕೆಲಸ ಮುಗಿದ ಮೇಲೆ ತೆಗೆಯಬೇಕು. ಅದು ಉಳಿದುಕೊಂಡರೆ ಐ915 ಕೆಲಸಕ್ಕೆ ಇಳಿಯುವುದೇ ಇಲ್ಲ.

ತೆಗೆಯುವ ಮೊದಲು ಒಂದು ಬಾರಿಗೆ ಮಾತ್ರ ಪರೀಕ್ಷೆ ಮಾಡಿ, ಫೈಲ್ ಮುಟ್ಟಬೇಡಿ. ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಶಿಫ್ಟ್ ಒತ್ತಿ ಹಿಡಿಯಿರಿ. ಯುಇಎಫ್‌ಐ (ಬಯೋಸಿನ ಹೊಸ ರೂಪ) ಇರುವ ಯಂತ್ರವಾದರೆ ಶಿಫ್ಟ್ ಬದಲು ಎಸ್ಕೇಪ್. ಗ್ರಬ್ ಮೆನು ಬರುತ್ತದೆ. ಮೊದಲ ಸಾಲಿನ ಮೇಲೆ ಇದ್ದಾಗ ಇ ಒತ್ತಿ. ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ ಹೋಗಿ ನೋಮೋಡ್‌ಸೆಟ್ ಅಳಿಸಿ, ಎಫ್10 ಒತ್ತಿ. ಈ ಬದಲಾವಣೆ ಈ ಒಂದು ಬೂಟಿಗೆ ಮಾತ್ರ. ಏನೇ ಕೆಟ್ಟರೂ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ ಆನ್ ಮಾಡಿದರೆ ಹಳೇ ಸ್ಥಿತಿಗೆ ಬರುತ್ತದೆ. ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ ಮಾಡಿ, ಕರೆಂಟ್ ಇರುವಾಗ ಮಾಡಿ.

ಪರದೆ ಕಪ್ಪಾಗೇ ಉಳಿದರೆ ಗಾಬರಿ ಬೇಡ. ಮೊಬೈಲ್ ಟಾರ್ಚ್ ಹಾಕಿ ಓರೆಯಾಗಿ ಪರದೆಯ ಮೇಲೆ ಬಿಡಿ. ಮಂಕಾಗಿ ಚಿತ್ರ ಕಂಡರೆ ಡ್ರೈವರ್ ಸರಿ ಇದೆ, ಹಿಂದಿನ ದೀಪ ಮಾತ್ರ ಹತ್ತಿಲ್ಲ. ಅದಕ್ಕೆ ಬೇರೆ ಮದ್ದು ಇದೆ.

ಇನ್ನು 1368ರ ವಿಷಯ. ಸಿವಿಟಿ ಲೆಕ್ಕ ಮಾಡುವುದು 8ರ ಗುಣಕದಲ್ಲಿ. 1366ನ್ನು 8ರಿಂದ ಭಾಗಿಸಿದರೆ 170.75 ಬರುತ್ತದೆ, ಪೂರ್ತಿ ಹೋಗುವುದಿಲ್ಲ. ಅದಕ್ಕೇ 1368ಕ್ಕೆ ಏರಿಸಿತು. 768ಕ್ಕೆ 16:9 ಲೆಕ್ಕ ಹಾಕಿದರೆ 1365.33, ಅದನ್ನು ಮೇಲಕ್ಕೆ ಎತ್ತಿ 1366 ಮಾಡಿದ್ದಾರೆ. ಎಡವಟ್ಟು ಸಂಖ್ಯೆ. ಹುಡುಗನ ತಪ್ಪಲ್ಲ.

ಯಾದಗಿರಿ ಮಾಸ್ತರ್:

ನನ್ನ ಲ್ಯಾಪ್‌ಟಾಪಿಗೂ ಹೀಗೇ ಆಗಿತ್ತು. ಗ್ರಬ್ ಫೈಲಿನಲ್ಲಿ ಗ್ರಬ್_ಜಿಎಫ್‌ಎಕ್ಸ್‌ಮೋಡ್ ಅಂತ ಒಂದು ಸಾಲು ಇದೆ, ಅಲ್ಲಿ 1366×768 ಹಾಕಿ ಗ್ರಬ್ ಅಪ್‌ಡೇಟ್ ಮಾಡಿದೆ, ಅಗಲ ಸರಿಯಾಯಿತು. ನೋಮೋಡ್‌ಸೆಟ್ ಹಾಗೇ ಇದೆ. ಅಷ್ಟೆಲ್ಲ ಬೇಕಾಗಿಲ್ಲ ಅನಿಸುತ್ತದೆ.

ಹಳೇ ಪೆಂಗ್ವಿನ್, ಕಲಬುರಗಿ:

ಮಾಸ್ತರೇ, ನಿಮ್ಮ ಫರ್ಮ್‌ವೇರ್ ಪಟ್ಟಿಯಲ್ಲಿ 1366×768 ಇತ್ತು, ಅದಕ್ಕೆ ಸರಿಯಾಯಿತು. ಎಲ್ಲರದರಲ್ಲೂ ಇರುವುದಿಲ್ಲ. ಇದ್ದರೂ ಚಿತ್ರದ ಅಗಲ ಮಾತ್ರ ಸರಿ ಹೋಗುತ್ತದೆ. ಬರೆಯುವುದು ಸಿಪಿಯುನೇ. ನಿಮ್ಮ ಫ್ಯಾನ್ ಹೇಗಿದೆ? ಮುಚ್ಚಳ ಮುಚ್ಚಿ ತೆರೆದರೆ ಸರಿಯಾಗಿ ಎದ್ದೇಳುತ್ತದೆಯೇ?

ಯಾದಗಿರಿ ಮಾಸ್ತರ್:

ಇಲ್ಲ. ಮುಚ್ಚಳ ಮುಚ್ಚಿದರೆ ಮತ್ತೆ ಆನ್ ಮಾಡಬೇಕು. ನಾನು ಅದು ಲಿನಕ್ಸ್ ಗುಣ ಅಂದುಕೊಂಡಿದ್ದೆ. ನಾನೂ ತೆಗೆದು ನೋಡುತ್ತೇನೆ.

ಚಿತ್ತಾಪುರ ಝೆರಾಕ್ಸ್:

ಅಂಗಡಿ ಮುಚ್ಚಿದ ಮೇಲೆ ಕೂತು ಮಾಡಿದೆ. ಪೆಂಗ್ವಿನ್ ಸರ್ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ.

ಸಿಎಂಡಿಲೈನ್ ಸಾಲಲ್ಲಿ ಕ್ವಯಟ್, ಸ್ಪ್ಲಾಶ್, ಅದರ ಪಕ್ಕದಲ್ಲೇ ನೋಮೋಡ್‌ಸೆಟ್ ಕೂತಿತ್ತು. ಎಲ್‌ಎಸ್‌ಪಿಸಿಐನಲ್ಲಿ ವಿಜಿಎ ಕೆಳಗೆ "ಕರ್ನಲ್ ಮಾಡ್ಯೂಲ್ಸ್: ಐ915" ಅಂತ ಇದೆ, ಆದರೆ "ಇನ್ ಯೂಸ್" ಎಂಬ ಸಾಲೇ ಇಲ್ಲ. ಅಳಿಯನಿಗೆ ಫೋನ್ ಮಾಡಿದೆ. "ಹೂಂ ಮಾಮಾ, ಪೆನ್‌ಡ್ರೈವಿಂದ ಎಬ್ಬಿಸಿದಾಗ ಕಪ್ಪಾಗಿತ್ತು, ಒಂದು ವಿಡಿಯೋ ನೋಡಿ ಹಾಕಿದ್ದೆ, ಆಮೇಲೂ ಬೇಕಾಗ್ತದ ಅಂತ ಫೈಲಿನ್ಯಾಗೂ ಸೇರಿಸಿಟ್ಟೆ" ಅಂದ. ಒಳ್ಳೆಯದಕ್ಕೇ ಮಾಡಿದ್ದಾನೆ, ಬೈಯಲಿಲ್ಲ.

ಶಿಫ್ಟ್ ಒತ್ತಿ ಗ್ರಬ್ ತೆಗೆದೆ, ಪದ ಅಳಿಸಿದೆ, ಎಫ್10. ಪರದೆ ಕಪ್ಪು. ಎದೆ ಧಸಕ್ ಅಂತು. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಮಿಂಟ್‌ನ ಲಾಗಿನ್ ಚೌಕ ಮಂಕಾಗಿ ಕಾಣಿಸಿತು. ಅದೂ ಸರಿಯಾದ ಅಗಲದಲ್ಲಿ! ಬೆಳಕಿನ ಕೀ ಒತ್ತೋಣ ಅಂತ ಎಫ್‌ಎನ್ ಜೊತೆ ಒತ್ತಿದೆ. ಇಷ್ಟು ದಿನ ಸತ್ತಿದ್ದ ಕೀ ಈಗ ಕೆಲಸ ಮಾಡಿತು, ಬೆಳಕು ಮೇಲೆ ಬಂತು. ಸೊನ್ನೆಗೆ ಇಳಿದು ಕೂತಿತ್ತು ಅಷ್ಟೇ.

ಡಿಸ್‌ಪ್ಲೇ ಪಟ್ಟಿಯಲ್ಲಿ 1366×768 ಮೊದಲನೇದು. ಸೀಲು ಗುಂಡಗಾಗಿದೆ. ಪಹಣಿ ತೆಗೆದು ಓದಿದೆ, ಒತ್ತುಗಳು ಗೆರೆ ಕೊರೆದ ಹಾಗಿವೆ, ಕೊನೆಯ ಕಾಲಂ ಕೂಡ ಒಳಗೇ ಇದೆ. ಫ್ಯಾನ್ ಸದ್ದು ಪೂರ್ತಿ ನಿಂತಿಲ್ಲ, ಆದರೆ ಪಕ್ಕದಲ್ಲಿ ಕೂತು ಫೋನಿನಲ್ಲಿ ಮಾತಾಡಬಹುದು.

ಈಗ ಕಾಯಂ ಮಾಡುವುದು ಹೇಗೆ? ಮತ್ತೆ ಆನ್ ಮಾಡಿದಾಗ ಬೆಳಕು ಸೊನ್ನೆಗೇ ಬರುತ್ತದಾ?

ಹಳೇ ಪೆಂಗ್ವಿನ್, ಕಲಬುರಗಿ:

ಟರ್ಮಿನಲಿನಲ್ಲಿ ಸುಡೋ, ಸ್ಪೇಸ್, ನ್ಯಾನೋ, ಸ್ಪೇಸ್, ಓರೆಗೆರೆ, ಈಟಿಸಿ, ಓರೆಗೆರೆ, ಡಿಫಾಲ್ಟ್, ಓರೆಗೆರೆ, ಗ್ರಬ್. ಪಾಸ್‌ವರ್ಡ್ ಕೇಳುತ್ತದೆ. ಟೈಪ್ ಮಾಡುವಾಗ ಅಕ್ಷರಗಳು ಕಾಣುವುದಿಲ್ಲ, ಮಿಂಟ್‌ನಲ್ಲಿ ಬರೀ ನಕ್ಷತ್ರ ಚಿಹ್ನೆ ಬರುತ್ತದೆ. ಅದು ಹಾಗೇ, ಎಂಟರ್ ಒತ್ತಿ. ಫೈಲಿನಲ್ಲಿ ಗ್ರಬ್_ಸಿಎಂಡಿಲೈನ್_ಲಿನಕ್ಸ್_ಡಿಫಾಲ್ಟ್ ಅಂತ ಸಾಲು ಇದೆ. ಉದ್ಧರಣ ಚಿಹ್ನೆಯ ಒಳಗಿನ ನೋಮೋಡ್‌ಸೆಟ್ ಮಾತ್ರ ಅಳಿಸಿ. ಚಿಹ್ನೆ ಎರಡೂ ಕಡೆ ಉಳಿಯಬೇಕು, ಇಲ್ಲದಿದ್ದರೆ ಮುಂದಿನ ಹೆಜ್ಜೆ ಬೈಯುತ್ತದೆ. ಕಂಟ್ರೋಲ್ ಓ, ಎಂಟರ್, ಕಂಟ್ರೋಲ್ ಎಕ್ಸ್. ಆಮೇಲೆ ಸುಡೋ, ಸ್ಪೇಸ್, ಅಪ್‌ಡೇಟ್, ಅಡ್ಡಗೆರೆ, ಗ್ರಬ್. ಇದನ್ನು ಮರೆತರೆ ಫೈಲ್ ತಿದ್ದಿದ್ದು ವ್ಯರ್ಥ. ಗ್ರಬ್ ಓದುವುದು ಆ ಫೈಲನ್ನಲ್ಲ, ಅದರಿಂದ ತಯಾರಾಗುವ ಇನ್ನೊಂದನ್ನು.

ಬೆಳಕಿನ ವಿಷಯ: ಆಫ್ ಮಾಡುವಾಗ ಎಷ್ಟಿತ್ತೋ ಅಷ್ಟನ್ನು ಸಿಸ್ಟಂಡಿ ಎಂಬ ಹಿನ್ನೆಲೆ ತಂತ್ರಾಂಶ ನೆನಪಿಟ್ಟುಕೊಂಡು ಮತ್ತೆ ಆನ್ ಆದಾಗ ಹಾಕುತ್ತದೆ. ಒಮ್ಮೆ ಸರಿ ಮಾಡಿ, ಬಟನ್ ಒತ್ತಿ ಹಿಡಿಯದೆ ಮೆನುವಿನಿಂದ ಶಟ್ ಡೌನ್ ಮಾಡಿ, ಸಾಕು. ಅದಾದ ಮೇಲೂ ಕಪ್ಪಾಗೇ ಎದ್ದರೆ ಅದೇ ಗ್ರಬ್ ಸಾಲಲ್ಲಿ ಎಸಿಪಿಐ_ಬ್ಯಾಕ್‌ಲೈಟ್ ಸಮ ಚಿಹ್ನೆ ವೆಂಡರ್ ಅಂತ ಸೇರಿಸಿ ನೋಡಬಹುದು. ಈಗಲೇ ಬೇಡ. ಬೇಡದ್ದನ್ನು ಸೇರಿಸಿ ಇಟ್ಟದ್ದಕ್ಕೇ ಅಲ್ವಾ ಇಷ್ಟೆಲ್ಲ ಆದದ್ದು.

ಬೀದರ್ ಡಿಟಿಪಿ:

ನಡುವೆ ಬಂದೆ, ಕ್ಷಮಿಸಿ. ನನ್ನದೂ 1024×768, ಆದರೆ ಕಥೆ ಬೇರೆ. ಬೀದರಿನಲ್ಲಿ ಲಗ್ನಪತ್ರಿಕೆ ಮಾಡುತ್ತೇನೆ, ಒಂದೇ ಕಾರ್ಡಿನಲ್ಲಿ ಕನ್ನಡ, ಮರಾಠಿ, ಕೆಲವೊಮ್ಮೆ ಉರ್ದು ಕೂಡ ಕೂರಿಸಬೇಕು. ಜಾಗ ಬೇಕು ಅಂತ ಲ್ಯಾಪ್‌ಟಾಪಿಗೆ 20 ಇಂಚಿನ ಮಾನಿಟರ್ ಹಚ್ಚಿದ್ದೇನೆ, ವಿಜಿಎ ಕೇಬಲ್. ಮಾನಿಟರ್ 1600×900. ಲ್ಯಾಪ್‌ಟಾಪಿನ ಪರದೆ ಸರಿಯಾಗಿದೆ, ಮಾನಿಟರಿನಲ್ಲಿ ಮಾತ್ರ 1024ಕ್ಕಿಂತ ಮೇಲೆ ಇಲ್ಲ. ಸಿಎಂಡಿಲೈನಿನಲ್ಲಿ ನೋಮೋಡ್‌ಸೆಟ್ ಇಲ್ಲ, ಐ915 ಇನ್ ಯೂಸ್ ಅಂತಲೂ ಇದೆ. ನಾನೂ ಮಿಂಟ್ ಎಕ್ಸ್‌ಎಫ್‌ಸಿಇ.

ಹಳೇ ಪೆಂಗ್ವಿನ್, ಕಲಬುರಗಿ:

ನಿಮ್ಮಲ್ಲಿ ಡ್ರೈವರ್ ಇದೆ, ಮಾನಿಟರಿನ ಇಡಿಐಡಿ ಅದಕ್ಕೆ ತಲುಪುತ್ತಿಲ್ಲ. ಕೇಬಲ್ ನೋಡಿ. ವಿಜಿಎ ಪ್ಲಗ್ಗಿನಲ್ಲಿ ಮೂರು ಸಾಲು, ಸಾಲಿಗೆ ಐದು, ಒಟ್ಟು 15 ಪಿನ್. ಪಿನ್ ನಿಮ್ಮ ಕಡೆ ಮಾಡಿ, ಅಗಲದ ಬದಿ ಮೇಲಿರುವ ಹಾಗೆ ಹಿಡಿದರೆ ಕೆಳಗಿನ ಸಾಲು ಎಡದಿಂದ 11ರಿಂದ 15. ಆ ಸಾಲಿನ ಎರಡನೆಯದು 12, ಕೊನೆಯದು 15. ಈ ಎರಡರ ಮೇಲೇ ಮಾನಿಟರ್ ತನ್ನ ಮಾಹಿತಿ ಕಳಿಸುವುದು. ಬಣ್ಣ ಹೋಗುವ ದಾರಿ ಬೇರೆ, ಅದಕ್ಕೇ ಚಿತ್ರ ಬರುತ್ತದೆ, ಅಳತೆ ಬರುವುದಿಲ್ಲ. ಅಗ್ಗದ ಕೇಬಲ್, ಸ್ಪ್ಲಿಟರ್‌ಗಳಲ್ಲಿ ಈ ತಂತಿಗಳನ್ನೇ ಬಿಟ್ಟಿರುತ್ತಾರೆ. 9ನೇ ಪಿನ್ ಇಲ್ಲದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅನೇಕ ಕೇಬಲ್‌ಗಳಲ್ಲಿ ಅದು ಇರುವುದೇ ಇಲ್ಲ.

ಕೇಬಲ್ ಸಿಗುವ ತನಕ ಹುಡುಗನ ಮದ್ದು ಇಲ್ಲಿ ನಾಟುತ್ತದೆ. ಅವನೇ ಹೇಳಲಿ.

ಕೋಡ್ ಹುಡುಗ, ಕಲಬುರಗಿ:

ಹೇಳ್ತೀನಿ ಸರ್! 1600ನ್ನು 8ರಿಂದ ಭಾಗಿಸಿದರೆ ಸರಿಯಾಗಿ 200. ಹಾಗಾಗಿ ಸಿವಿಟಿ ಸಂಖ್ಯೆ ಬದಲಿಸುವುದಿಲ್ಲ.

ಸಿವಿಟಿ 1600 900 ಹೊಡೆದರೆ ಬರುವ ಸಾಲಲ್ಲಿ ಹೆಸರಿನ ನಂತರ ಹೀಗಿರುತ್ತದೆ: 118.25, ಆಮೇಲೆ 1600 1696 1856 2112, ಆಮೇಲೆ 900 903 908 934, ಕೊನೆಗೆ ಮೈನಸ್ ಎಚ್‌ಸಿಂಕ್, ಪ್ಲಸ್ ವಿಸಿಂಕ್. ಮೇಲೆ ಹೇಳಿದ ಹಾಗೆ ನ್ಯೂಮೋಡ್, ಆ್ಯಡ್‌ಮೋಡ್ ಮಾಡಿ. ಔಟ್‌ಪುಟ್ ಹೆಸರು ವಿಜಿಎ-1 ಇರುತ್ತದೆ. ಮತ್ತೆ ಆನ್ ಮಾಡಿದಾಗ ಉಳಿಯಬೇಕು ಅಂದರೆ ಹೋಮ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ ಎಕ್ಸ್‌ಪ್ರೊಫೈಲ್ ಎಂಬ ಫೈಲ್ ಮಾಡಿ ಅದೇ ಸಾಲುಗಳನ್ನು ಹಾಕಿ. ಲಾಗಿನ್ ಆದಾಗ ಓಡುತ್ತವೆ. ಎಕ್ಸ್‌ಎಫ್‌ಸಿಇ ಎಕ್ಸ್ ಮೇಲೆ ಓಡುವುದರಿಂದ ನಡೆಯುತ್ತದೆ. ಎಕ್ಸ್ ಬದಲಿಗೆ ಬಂದಿರುವ ವೇಲ್ಯಾಂಡ್‌ನಲ್ಲಿ ಎಕ್ಸ್‌ರ್ಯಾಂಡರ್‌ನ ಈ ಆಟ ನಡೆಯುವುದಿಲ್ಲ.

ಬೀದರ್ ಡಿಟಿಪಿ:

ಮೊದಲು ಹುಡುಗ ಹೇಳಿದ್ದು ಮಾಡಿದೆ, ತಕ್ಷಣ 1600×900 ಬಂತು. ಮುಂಗಡ ತೆಗೆದುಕೊಂಡ ಕಾರ್ಡುಗಳನ್ನು ಅದರಲ್ಲೇ ಮುಗಿಸಿದೆ.

ಆಮೇಲೆ ಕೇಬಲ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆ. ಕೆಳಗಿನ ಸಾಲಿನ ಎರಡನೇ ಪಿನ್ ಮಡಚಿ ಒಳಗೆ ಮಲಗಿತ್ತು. ಚಿಮಟದಿಂದ ನಿಧಾನವಾಗಿ ಎತ್ತಿ ನೇರ ಮಾಡಿ ಹಚ್ಚಿದೆ. ಮಾನಿಟರಿನ ಹೆಸರು ಸಮೇತ ಪಟ್ಟಿಗೆ ಬಂತು, 1600×900 ಮೊದಲನೇದು. ಎಕ್ಸ್‌ಪ್ರೊಫೈಲಿಗೆ ಹಾಕಿದ್ದ ಸಾಲುಗಳನ್ನು ಅಳಿಸಿದೆ. ಕೆಳಗಿನ ಒಂದೆರಡು ಅಳತೆಗಳಿಗೆ 75 ಹರ್ಟ್ಜ್ ಕೂಡ ತೋರಿಸುತ್ತಿದೆ, ನಾನು 60ರಲ್ಲೇ ಬಿಟ್ಟಿದ್ದೇನೆ. ಆ ಪಿನ್ ಇನ್ನೊಮ್ಮೆ ಬಗ್ಗಿದರೆ ಮುರಿಯುತ್ತದೆ ಅನಿಸುತ್ತದೆ, ಹೊಸ ಕೇಬಲ್‌ಗೆ ಹೇಳಿದ್ದೇನೆ.